ಬೋಣಿಯಾಗುವ ತನಕ ಬಿಚ್ಚದ ಗಂಟು

ಹೊಸ ರವಿಕೆ ಖಣಗಳ ಗಂಟು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಗಂಜಿಯದು, ಬಣ್ಣದ್ದು, ನೆಲ ತೋಡಿ ಹೂಡಿದ ಕುಣಿಮಗ್ಗದ ತಣ್ಣನೆಯ ಮಣ್ಣಿನದು, ಎಲ್ಲ ಕಲೆತ ವಾಸನೆ. ಈಗಿನ ಪ್ಲಾಸ್ಟಿಕ್ ಚೀಲದ ರವಿಕೆ ಬಟ್ಟೆಗೆ ಅದು ಇರುವುದಿಲ್ಲ. ನೀವು ಖಣ ಕೊಳ್ಳಲು ಹೋದರೆ ಕಣ್ಣಿಗಿಂತ ಮೊದಲು ಮೂಗನ್ನು ನಂಬಿ ಎಂದು ನನ್ನ ಸಲಹೆ. ಕೇಳದಿದ್ದರೂ ಸಲಹೆ ಕೊಡುವುದು ನನ್ನ ಚಟ. ಸೀರೆ ಅಂಗಡಿಯ ಗಾದಿಯ ಮೇಲೆ ಇಷ್ಟು ವರ್ಷ ಕೂತವಳಿಗೆ ಇನ್ನೇನು ಬರಬೇಕು?

ಇವತ್ತು ಮುಂಜಾನೆ ಬಾಗಲಕೋಟೆ ನವನಗರದ ನನ್ನ ಅಂಗಡಿಯ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಗುಳೇದಗುಡ್ಡದಿಂದ ಬಂದ ಗಂಟನ್ನು ಮುಂದೆ ಎಳೆದುಕೊಂಡು ಅದರ ಮೂಲೆಗೆ ಕೈ ಹಾಕಿದ್ದೆ. ಇನ್ನೂ ಬಿಚ್ಚಿರಲಿಲ್ಲ, ವಾಸನೆ ಮಾತ್ರ ಹೊರಗೆ ಇಣುಕಿತ್ತು. ಮೆಟ್ಟಿಲ ಬಳಿ ಒಬ್ಬ ಗಂಡಸು, ಅವನ ಹಿಂದೆ ಒಬ್ಬ ಹುಡುಗಿ ನಿಂತಿದ್ದರು. ಅವನ ತಲೆಗೆ ರುಮಾಲು. ಹುಡುಗಿಯ ಕಣ್ಣು ಸೀರೆಗಳ ಮೇಲಿರಲಿಲ್ಲ, ರಸ್ತೆಯ ಕಡೆಗಿತ್ತು.

"ಒಂದು ಖಣ ಬೇಕಾಗಿತ್ರಿ, ಈಕಿ ಅವ್ವಗ" ಎಂದ ಅವನು. "ಕಾಲೇಜು ನೋಡಾಕ ಬಂದೇವಿ. ಅದು ಇನ್ನೂ ತಗದಿಲ್ಲ. ಅಲ್ಲಿ ಮಟ ನಿಮ್ಮಲ್ಲೆ ನೋಡೂಣು ಅಂತ ಬಂದ್ವಿ."

ನನ್ನ ಕೈ ಗಂಟಿನ ಮೇಲೆಯೇ ನಿಂತಿತು. ಯಾಕೆ ನಿಂತಿತು ಎಂದು ನಿಮಗೆ ತಿಳಿಯಬೇಕಾದರೆ ನಾನು ನಿಮ್ಮನ್ನು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಗೆ, ಕಮತಗಿಯ ನಮ್ಮ ಮನೆಗೆ ಕರೆದುಕೊಂಡು ಹೋಗಬೇಕು. ಬಿಸಿಲು ಜೋರಿದೆ, ತಲೆಯ ಮೇಲೆ ಸೆರಗೋ ಟವೆಲೋ ಹಾಕಿಕೊಳ್ಳಿ.

ಅಪ್ಪ ಖಣದ ವ್ಯಾಪಾರಿ. ವ್ಯಾಪಾರಿ ಎಂದರೆ ಅಂಗಡಿ ಇದ್ದವನಲ್ಲ. ಗುಳೇದಗುಡ್ಡದ ಮಗ್ಗದ ಮನೆಗಳಿಂದ ಖಣ ತಂದು, ಹಳೆಯ ಧೋತರದಲ್ಲಿ ಗಂಟು ಕಟ್ಟಿ, ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರುವವನು. ಅವನಿಗೆ ದೇವರ ಮೇಲೆ ಎಷ್ಟು ನಂಬಿಕೆ ಇತ್ತೋ ಬೋಣಿಯ ಮೇಲೆ ಅದಕ್ಕಿಂತ ಒಂದು ಕೈ ಹೆಚ್ಚು. ದಿನದ ಮೊದಲ ಗಿರಾಕಿಯೇ ಬೋಣಿ. ಆ ಗಿರಾಕಿಯನ್ನು ಬರಿಗೈಯಲ್ಲಿ ಹೊಳ್ಳಿ ಕಳಿಸಿದರೆ ಇಡೀ ದಿನದ ವ್ಯಾಪಾರ ಕೆಟ್ಟಿತು. ಲುಕ್ಸಾನಾದರೂ ಸರಿ, ಕೊಟ್ಟೇ ಕಳಿಸಬೇಕು. ಇದನ್ನು ತಿಳಿದವರು ಮುಂಜಾನೆ ಎದ್ದು ಅಂಗಡಿಗೆ ಬರುತ್ತಾರೆ. ನೀವೂ ಬನ್ನಿ, ಆದರೆ ನನ್ನ ಅಂಗಡಿಗೆ ಬೇಡ.

ಆ ವರ್ಷ ನಾನು ಮೆಟ್ರಿಕ್ ಪರೀಕ್ಷೆ ಬರೆದಿದ್ದೆ. ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ನನ್ನನ್ನು ಮದುವೆ ಮಾಡಿಕೊಳ್ಳಲು ಕಾದು ಕೂತಿದ್ದ. ಒಳ್ಳೆಯವನೇ, ಹೊಲ ಇತ್ತು, ಮನೆ ಇತ್ತು, ಮೀಸೆ ಮಾತ್ರ ಸ್ವಲ್ಪ ಅತಿಯಾಗಿತ್ತು. ನನಗೆ ಕಾಲೇಜಿಗೆ ಹೋಗಬೇಕಿತ್ತು. ಅಪ್ಪನಿಗೂ ಹಾಗೆಯೇ ಇತ್ತು, ಆದರೆ ಅವ್ವನ ಎದುರು ಅವನ ಮಾತು ನಡೆಯುತ್ತಿರಲಿಲ್ಲ. ಕೊನೆಗೆ ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಒಂದು ಷರತ್ತು ಹಾಕಿದಳು.

"ಕಾಲೇಜಿನ್ಯಾಗ ಇದ್ದವರು ಯಾರರ ಒಬ್ಬರು, ಈಕಿ ಬರಲಿ ಅಂತ ಬಾಯಿಬಿಟ್ಟು ಅನ್ನಲಿ. ನಾ ಹೂಂ ಅಂತೇನಿ. ನೀವು ಅಂದ್ರ ಒಪ್ಪಂಗಿಲ್ಲ, ಸಾಲಿ ಮಾಸ್ತರು ಅಂದ್ರೂ ಒಪ್ಪಂಗಿಲ್ಲ. ಕಾರಹುಣ್ಣಿಮಿ ಮಟ ನೋಡ್ತೇನಿ. ಇಲ್ಲಾಂದ್ರ ನನ್ನ ತಮ್ಮಗ ಮಾತು ಕೊಡೂದ."

"ಕಾರಹುಣ್ಣಿಮಿ ಇನ್ನೂ ದೂರೈತಿ" ಎಂದ ಅಪ್ಪ.

"ಅದಕ್ಕ ಹೇಳಿದ್ದು, ಈಗಿಂದ ಎದ್ದು ಹೊಂಡ್ರಿ."

ಅಪ್ಪ ಮಾರನೆಯ ದಿನವೇ ಹೊರಟುಬಿಟ್ಟ. ಇಲ್ಲಿಯೇ ಅವನು ತಪ್ಪಿದ್ದು. ಮೇ ತಿಂಗಳ ಉರಿಬಿಸಿಲಿನಲ್ಲಿ, ಪರೀಕ್ಷೆಯ ಫಲಿತಾಂಶ ಇನ್ನೂ ಬರದಿರುವಾಗ, ಎಲ್ಲ ಕಾಲೇಜುಗಳಿಗೂ ಬೀಗ ಬಿದ್ದಿರುವಾಗ ಯಾರಾದರೂ ಕಾಲೇಜು ನೋಡಲು ಹೋಗುತ್ತಾರೆಯೇ? ನಾನು ಕೇಳಿದೆ. ಅವನ ಉತ್ತರ ಸಿದ್ಧವಿತ್ತು.

"ಯವ್ವಾ, ರಿಸಲ್ಟ್ ಬಂದ ಮ್ಯಾಲ ಸಂತಿ ಕೂಡಿಧಂಗ ಮಂದಿ ಕೂಡತೈತಿ. ಆವಾಗ ನಮ್ಮನ್ನ ಯಾರು ಮಾತಾಡಸ್ತಾರ? ಬಾಗಲಾ ತೆಗಿಯೂಕಿಂತ ಮೊದಲ ಹೋಗಿ ನಿಂತ್ರ ನಾವ ಬೋಣಿ. ಬೋಣಿ ಗಿರಾಕಿನ್ನ ಯಾರು ಹೊಳ್ಳಿ ಕಳಸ್ತಾರ ಹೇಳು?"

ಮನೆಗೆ ಹತ್ತಿರದ ಬಾಗಲಕೋಟೆಗೆ ಮೊದಲು ಹೋಗೋಣ ಎಂದರೆ ಅದಕ್ಕೂ ಬೇಡ ಎಂದ. ಬೇಕಾದ ಅಂಗಡಿಗೆ ಕಡೆಗೆ ಹೋಗಬೇಕು, ಮೊದಲು ನಾಲ್ಕು ಕಡೆ ತಿರುಗಿ ಧಾರಣಿ ತಿಳಿದುಕೊಳ್ಳಬೇಕು ಎಂಬುದು ಅವನ ಲೆಕ್ಕ. ಹೀಗಾಗಿ ಹುನಗುಂದ, ಇಳಕಲ್, ಬಾದಾಮಿ, ಆಮೇಲೆ ಬಾಗಲಕೋಟೆ ಎಂದಾಯಿತು. ಹೆಗಲಿಗೆ ಖಣದ ಗಂಟು ಏರಿಸಿದ. "ವ್ಯಾಪಾರಕ್ಕ ಹೊಂಟೇನಿ, ಹಾದ್ಯಾಗ ಕಾಲೇಜು" ಎಂದು ಅವ್ವನಿಗೆ ಹೇಳಿದ. ಅವ್ವ ಬುತ್ತಿ ಕಟ್ಟಿಕೊಟ್ಟು, ನನ್ನ ಜಡೆಯನ್ನು ಅಗತ್ಯಕ್ಕಿಂತ ಬಿಗಿಯಾಗಿ ಹೆಣೆದು ಕಳಿಸಿದಳು.

ಹುನಗುಂದದ ಕಾಲೇಜಿಗೆ ಸುಣ್ಣ ಬಳಿಯುತ್ತಿದ್ದರು. ಬೇವಿನ ಗಿಡದ ಕೆಳಗೆ ಒಬ್ಬ ಮಾಸ್ತರರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅಪ್ಪ ನಮಸ್ಕಾರ ಮಾಡಿ, "ಮೊದಲ ಬಂದೇವ್ರಿ" ಎಂದ. ಅವರು, "ಮೊದಲ ಬಂದ್ರ ಏನು ಬಂತು? ರಿಸಲ್ಟ್ ಬರಲಿ" ಎಂದು ಮತ್ತೆ ಸುಣ್ಣದವರನ್ನು ಬೈಯಲು ತೊಡಗಿದರು. ಮೊದಲು ಬಂದರೆ ಏನು ಬಂತು ಎಂದು ಕೇಳುವ ಮನುಷ್ಯನನ್ನು ಅಪ್ಪ ಅದುವರೆಗೆ ನೋಡಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಅದನ್ನೇ ಮೆಲುಕು ಹಾಕಿದ.

ಇಳಕಲ್ಲಿನಲ್ಲಿ ಒಬ್ಬ ಕ್ಲಾರ್ಕ್ ಸಿಕ್ಕ. ಕೈಯಲ್ಲಿ ಬೀಗದ ಕೈಗಳ ಗೊಂಚಲು ಇತ್ತು, ಬಾಯಲ್ಲಿ ಎಲೆಯಡಿಕೆ ಇತ್ತು.

"ಜೂನಿನ್ಯಾಗ ಬರ್ರಿ" ಎಂದ.

"ಮೊದಲನೇ ಗಿರಾಕಿನ್ನ ಹೊಳ್ಳಿ ಕಳಸ್ತೀರೇನ್ರಿ?"

"ಇದೇನು ಕಿರಾಣಿ ಅಂಗಡಿ ಅನಕೊಂಡಿಯೇನೋ ಯಜಮಾನ?"

ಅಪ್ಪ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ಗಂಭೀರವಾಗಿ ನೋಡಿದ. "ಅಂಗಡಿಗಿಂತ ದೊಡ್ಡದೈತಿ ಬಿಡ್ರಿ. ಖರೆ, ಬಾಗಲಾ ತಗದು ಕುಂತ ಮ್ಯಾಲ ರೀತಿ ಒಂದ ಅಲ್ರಿ?"

ಕ್ಲಾರ್ಕ್ ನಕ್ಕು ಎಲೆಯಡಿಕೆ ಉಗುಳಿದ. ನಾನು ನೆಲ ನೋಡಿದೆ. ಹದಿನಾರರ ವಯಸ್ಸಿನಲ್ಲಿ ಅಪ್ಪನ ಮಾತಿಗೆ ಮಂದಿ ನಗುವಷ್ಟು ದೊಡ್ಡ ಸಂಕಟ ಬೇರೆ ಇಲ್ಲ. ಈಗ ಅಂಥ ಉತ್ತರ ಕೊಡಬಲ್ಲ ಸೇಲ್ಸ್‌ಮನ್ ಸಿಕ್ಕರೆ ನಾನು ಅವನನ್ನು ಬಿಡುವುದಿಲ್ಲ.

ಅವತ್ತು ರಾತ್ರಿ ವಸ್ತಿ ಅತ್ತೆಯ ಮನೆಯಲ್ಲಿ. ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ, ಇಳಕಲ್ಲಿಗೆ ಕೊಟ್ಟಿದ್ದರು. ಆಕೆ ಆಗತಾನೆ ಒಂದು ಹೊಸ ಸೀರೆ ತೆಗೆದುಕೊಂಡಿದ್ದಳು, ಕೆಂಪು ಸೆರಗಿನದು. ಗಂಟನ್ನು ಕಂಡವಳೇ ಅರಳಿದಳು.

"ಅಣ್ಣಾ, ಇದಕ್ಕ ಹೊಂದೂವಂಥ ಕೆಂಪು ಖಣ ಐತೇನು?"

"ಐತಿ."

"ತಗಿ ಮತ್ತ."

"ಈಗ ಬ್ಯಾಡ."

ಅತ್ತೆ ಮೊದಲು ಚಾಷ್ಟಿ, ತಮಾಷೆ ಎಂದುಕೊಂಡಳು. ಆಮೇಲೆ ಅವಳ ಮುಖ ಸಣ್ಣದಾಯಿತು. ನಮ್ಮ ಕಡೆ ಅಣ್ಣನಾದವನು ತಂಗಿಗೆ ಒಂದು ಖಣ ಕೊಡಲಿಲ್ಲ ಎಂದರೆ ಅದು ಸಣ್ಣ ಮಾತಲ್ಲ. ಬೇರೆ ಏನು ಕೊಟ್ಟರೂ ಬಿಟ್ಟರೂ ತವರಿನ ಖಣ ಬರಬೇಕು. ಖಣ ಮಾರುವವನೇ, ಗಂಟು ಎದುರಿಗೇ ಇಟ್ಟುಕೊಂಡು ಕೊಡುವುದಿಲ್ಲ ಎಂದರೆ? ಅತ್ತೆ ಜಗಳವಾಡಲಿಲ್ಲ. ಮುಂಜಾನೆ ಬಸ್ಸಿಗೆ ರೊಟ್ಟಿಯ ಬುತ್ತಿ ಕಟ್ಟಿದಳು, ಅದರಲ್ಲಿ ಶೇಂಗಾ ಚಟ್ನಿ ಇಡಲಿಲ್ಲ. ಅಷ್ಟೇ. ಅಷ್ಟು ಸಾಕು. ಬಸ್ಸಿನಲ್ಲಿ ಒಣ ರೊಟ್ಟಿ ಅಗಿಯುತ್ತ ನಾನು ಅಪ್ಪನಿಗೆ ಬುದ್ಧಿ ಹೇಳಿದೆ. ಆಗಲೇ ನನಗೆ ಆ ಚಟ ಇತ್ತು.

"ಅಪ್ಪಾ, ಹುನಗುಂದದಾಗ ಒಬ್ಬಾಕಿ ಕೇಳಿದ್ಲು, ಕೊಡಲಿಲ್ಲ. ಅತ್ತಿ ಕೇಳಿದ್ಲು, ಆಕೀಗೂ ಕೊಡಲಿಲ್ಲ. ಮಾರೂದಿಲ್ಲಂದ್ರ ಈ ಗಂಟು ಎದಕ ಹೊತಗೊಂಡು ಹೊಂಟಿ?"

"ಸುಮ್ಮ ಕುಂದ್ರು. ಹೊರೂದು ನಾನಲ್ಲ?"

ಅಪ್ಪನ ನೆತ್ತಿಗೆ ಬಿಸಿಲು ಏರಿದೆ ಎಂದುಕೊಂಡೆ.

ಬಾದಾಮಿಗೆ ಮೊದಲು ಮಹಾಕೂಟದಲ್ಲಿ ಇಳಿದೆವು; ಅಲ್ಲಿ ಗುಡಿಯ ಹೊಂಡದ ನೀರಿಗೆ ಇಳಿದು ಅಪ್ಪ ಬಹಳ ಹೊತ್ತು ಮುಳುಗಿ ಎದ್ದು ಮಾಡಿದ. ಎಂಥ ತಂಪು ನೀರು ಅದು. ಬೇಸಿಗೆಯಲ್ಲಿ ಬಾದಾಮಿಗೆ ಬಂದವರು ಗುಹೆ ನೋಡಿ ಬೆವರು ಒರೆಸಿಕೊಂಡು ಹೋಗಿಬಿಡುತ್ತಾರೆ. ಮಹಾಕೂಟಕ್ಕೆ ಹೋಗಿ ಸ್ನಾನ ಮಾಡಿ, ಆಮೇಲೆ ನನಗೆ ಹೇಳಿ. ಗಂಟನ್ನು ನಾನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಯಾರೋ ಯಾತ್ರೆಯ ಹೆಂಗಸರು ಬಂದು ಏನಿದೆ ಎಂದು ಮುಟ್ಟಿ ನೋಡಿದರು. ಅಪ್ಪ ನೀರಿನಿಂದಲೇ ಕೈ ಅಲ್ಲಾಡಿಸಿ ಬೇಡ ಎಂದ.

ಬಾದಾಮಿಯಲ್ಲಿ ಮಂಗಗಳು ನಮ್ಮನ್ನು ಕಾಯುತ್ತಿದ್ದವು. ಬಸ್ಸಿಳಿದು ಚಹಾದ ಅಂಗಡಿಯ ಎದುರು ನಿಂತಾಗ ಒಂದು ದೊಡ್ಡ ಗಡವ ಬಂದು ಗಂಟಿನ ಮೂಲೆಗೆ ಕೈ ಹಾಕಿ ಎಳೆಯಿತು. ಖಣ ಹರಿದೀತು ಎಂದು ನಾನು ಚೀರಿದೆ. ಅಪ್ಪ ಎರಡೂ ಕೈಯಿಂದ ಕಟ್ಟನ್ನೇ ಅವುಚಿ ಹಿಡಿದುಕೊಂಡು, "ಬಿಚ್ಚಬ್ಯಾಡೋ ಮಾರಾಯಾ, ಬೇಕಾರ ಒಯ್ಯಿ, ಬಿಚ್ಚಬ್ಯಾಡ" ಎಂದು ಅದಕ್ಕೆ ಕೈಮುಗಿಯುವ ಧ್ವನಿಯಲ್ಲಿ ಹೇಳಿದ. ಚಹಾದವನು ಕೋಲು ತಂದು ಓಡಿಸಿದ. ಮಾಲು ಹೋದರೂ ಪರವಾಗಿಲ್ಲ, ಕಟ್ಟು ಬಿಚ್ಚಬಾರದು ಎನ್ನುವ ವ್ಯಾಪಾರಿಯನ್ನು ನೀವು ನೋಡಿದ್ದೀರಾ? ಚಹಾದವನೂ ನೋಡಿರಲಿಲ್ಲ. "ಒಳಗ ಏನೈತಿ ಯಜಮಾನ್ರ, ಬಂಗಾರೇನು?" ಎಂದ.

ಬಾದಾಮಿಯ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಮನೆಯಲ್ಲಿ ಕೂಡಿಸಿ ನೀರು ಕೊಟ್ಟರು, ನನ್ನ ಓದಿನ ಬಗ್ಗೆ ಕೇಳಿದರು, ಹೆಣ್ಣುಮಕ್ಕಳು ಕಲಿಯಬೇಕು ಎಂದು ಚೆನ್ನಾಗಿ ಮಾತಾಡಿದರು. ಕೊನೆಗೆ, "ನೋಡೋಣ" ಎಂದರು. ನನಗೆ ಖುಷಿಯಾಯಿತು. ಹೊರಗೆ ಬಂದ ಮೇಲೆ ಅಪ್ಪ ಮೆಟ್ಟು ಹಾಕಿಕೊಳ್ಳುತ್ತ ಹೇಳಿದ, "ನೋಡೂಣು ಅಂದ ಗಿರಾಕಿ ಹೊಳ್ಳಿ ಬರೂದಿಲ್ಲ ಯವ್ವಾ. ನಿಮ್ಮವ್ವಗ ನೋಡೂಣು ಅಂದ್ರು ಅಂತ ಹೇಳಿದ್ರ ಆಕಿ ಮದವಿ ಸಾಮಾನು ನೋಡಾಕ ಸುರು ಮಾಡ್ತಾಳ." ಅವತ್ತಿನಿಂದ ಇವತ್ತಿನವರೆಗೆ 'ನೋಡೋಣ' ಎಂಬ ಮಾತು ಕೇಳಿದರೆ ನಾನು ಸೀರೆ ಮಡಚಲು ಶುರುಮಾಡುತ್ತೇನೆ.

ಉಳಿದದ್ದು ಬಾಗಲಕೋಟೆ. ಸಂಜೆಯ ಬಸ್ಸಿಗೆ ಬಂದು ಪರಿಚಯದವರ ಮನೆಯಲ್ಲಿ ಇಳಿದೆವು. ಅಪ್ಪ ಪ್ರಿನ್ಸಿಪಾಲರ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದ. ಸೂರ್ಯ ಆಗಷ್ಟೇ ಹುಟ್ಟುತ್ತಿದ್ದ ಹೊತ್ತಿಗೆ ನಾವು ಅವರ ಮನೆಯ ಎದುರು ನಿಂತಿದ್ದೆವು. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ, ಹೋಗಿ ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ. ಪ್ರಿನ್ಸಿಪಾಲರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಅಂಗೈಯಲ್ಲಿ ಹಲ್ಲಿನ ಪುಡಿ ಹಿಡಿದು, ಬಾಯ ತುಂಬ ನೊರೆ ಮಾಡಿಕೊಂಡು ಅಂಗಳದಲ್ಲಿ ನಿಂತಿದ್ದರು. ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆ ನೊರೆ ಬಾಯಲ್ಲಿ ಇರುವತನಕ ಅವರು ಇಲ್ಲ ಎನ್ನುವ ಹಾಗಿರಲಿಲ್ಲ. ಅಷ್ಟರೊಳಗೆ ಅಪ್ಪ ಎಲ್ಲವನ್ನೂ ಹೇಳಿಬಿಟ್ಟ: ಅವ್ವನ ಷರತ್ತು, ಸೋದರಮಾವನ ಮೀಸೆ, ಹುನಗುಂದದ ಸುಣ್ಣ, ಬಾದಾಮಿಯ 'ನೋಡೋಣ'.

ಅವರು ಬಾಯಿ ಮುಕ್ಕಳಿಸಿ ಉಗುಳಿದರು. "ಅಲ್ಲೋ ಮಾರಾಯಾ, ರಿಸಲ್ಟ್ ಬಂದಿಲ್ಲ, ಏನಿಲ್ಲ. ಸೀಟು ಹೆಂಗ ಕೊಡ್ಲಿ? ರೀತಿ ಅನ್ನೂದು ಇರತೈತಿಲ್ಲೋ?"

ಅಪ್ಪನ ಮುಖ ಇಳಿಯಿತು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ರಂಗೋಲಿಯ ಬಟ್ಟಲು ಹಿಡಿದುಕೊಂಡು ಬಂದರು. ಹೆಂಗಸಿನ ಕಣ್ಣು ನೆಟ್ಟಗೆ ಗಂಟಿಗೆ ಹೋಯಿತು.

"ಗುಳೇದಗುಡ್ಡದ ಖಣೇನ್ರಿ?"

"ಹೌದ್ರಿ ಅವ್ವಾರ."

"ಬಿಚ್ಚರಿ, ನೋಡೂಣು. ಭಾಳ ದಿನ ಆತು, ಈ ಕಡೆ ಒಬ್ಬರೂ ಬಂದಿಲ್ಲ."

ಅಪ್ಪ ಗಂಟನ್ನು ಕಟ್ಟೆಯ ಮೇಲೆ ಇಳಿಸಿದ. ಕಟ್ಟಿನ ಮೇಲೆ ಕೈ ಇಟ್ಟ. ಬಿಚ್ಚಲಿಲ್ಲ.

"ಸಿಟ್ಟಾಗಬ್ಯಾಡ್ರಿ ಅವ್ವಾರ. ಮನಿ ಬಿಟ್ಟಾಗಿಂದ ಇದನ್ನ ಬಿಚ್ಚಿಲ್ಲ. ಮೊದಲ ಈ ಹುಡಿಗೀದು ಬೋಣಿ ಆಗ್ಲಿ. ಆಮ್ಯಾಲ ನಂದು."

ಅತ್ತೆಯ ಬುತ್ತಿಯಲ್ಲಿ ಚಟ್ನಿ ಯಾಕೆ ಇರಲಿಲ್ಲ, ಮಂಗನಿಗೆ ಅಪ್ಪ ಯಾಕೆ ಅಂಗಲಾಚಿದ ಎಂದು ನನಗೆ ತಿಳಿದದ್ದು ಆಗ.

ಆ ತಾಯಿ ಗಂಟು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಗಂಡನ ಕಡೆ ತಿರುಗಿದರು.

"ಕೇಳಿದ್ರೇನ್ರಿ?"

"ಕೇಳೇನಿ."

"ಮತ್ತ?"

"ಮತ್ತೇನು? ಖಣದ ಸಲುವಾಗಿ ಸೀಟು ಕೊಡಾಕ ಬರತೈತೇನು?"

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಅಪ್ಪ ಕೇಳುತ್ತಿರುವುದು ದೊಡ್ಡದಾಯಿತು, ಅದಕ್ಕೇ ಸಿಗುತ್ತಿಲ್ಲ ಎಂದು ಮಾತ್ರ ಹೊಳೆಯಿತು. "ಸರ್, ಸೀಟು ಬ್ಯಾಡ್ರಿ" ಎಂದೆ. ಅಪ್ಪ ಗಾಬರಿಯಾಗಿ ನನ್ನ ಕಡೆ ನೋಡಿದ. "ಪಾಸಾದ್ರ ಬಾ ಅಂತ ಒಂದು ಮಾತು ಕೊಡ್ರಿ ಸಾಕು. ಪಾಸಾಗೂದು ನಾ ನೋಡ್ಕೋತೇನಿ. ನಮ್ಮವ್ವಗ ಬೇಕಾಗಿದ್ದು ಆ ಮಾತೊಂದ."

ಅದು ನನ್ನ ಬದುಕಿನ ಮೊದಲ ಚೌಕಾಸಿ. ಇಂದಿಗೂ ನಾನು ಎಲ್ಲರಿಗೂ ಹೇಳುವುದು ಇದನ್ನೇ: ಎದುರಿನವನ ಕೈಯಲ್ಲಿ ಇರುವಷ್ಟನ್ನು ಮಾತ್ರ ಕೇಳಿ, ಕೊಡದೆ ಅವನಿಗೆ ದಾರಿ ಇರುವುದಿಲ್ಲ.

ಪ್ರಿನ್ಸಿಪಾಲರು ಟವೆಲಿನಿಂದ ಬಾಯಿ ಒರೆಸಿಕೊಂಡರು. "ಲೆಕ್ಕದಾಗ ಹೆಂಗದಿ?"

"ಲೆಕ್ಕ ಬರತೈತ್ರಿ. ಇಂಗ್ಲಿಷ್ ಅಷ್ಟಕ್ಕಷ್ಟ."

"ಖರೆ ಹೇಳ್ದಿ" ಎಂದು ನಕ್ಕರು. "ಪಾಸಾಗಿ ಬಾ. ಈ ವರ್ಷ ನಮ್ಮ ಕಾಲೇಜಿಗೆ ಮೊದಲ ಬಂದಾಕಿ ನೀನ. ನಾ ಅಂದೇನಿ ಅಂತ ನಿಮ್ಮವ್ವಗ ಹೇಳು."

ಅಪ್ಪ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದ. ಹಲವು ದಿನ ಬಿಗಿದಿದ್ದ ಕಟ್ಟು, ಹಲ್ಲಿನಿಂದ ಎಳೆದು ಸಡಿಲಿಸಬೇಕಾಯಿತು. ಆ ವಾಸನೆ ಅಂಗಳದ ತುಂಬ ಹರಡಿತು. ಪ್ರಿನ್ಸಿಪಾಲರ ಹೆಂಡತಿ ಒಂದು ಹಸಿರು ಖಣ ಆರಿಸಿ ಬೆಲೆ ಕೇಳಿದರು, ಅರ್ಧಕ್ಕೆ ಇಳಿಸಿ ಕೇಳಿದರು, ಅಪ್ಪ ತಟ್ಟನೆ ಒಪ್ಪಿಬಿಟ್ಟ. ಪಾಪ, ಅವರಿಗೆ ಸಂಶಯ ಬಂತು. ಇಷ್ಟು ಬೇಗ ಒಪ್ಪುವವನ ಮಾಲಿನಲ್ಲಿ ಏನೋ ಐಬು ಇರಬೇಕೆಂದು ಖಣವನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

ಮನೆಯಲ್ಲಿ ಅವ್ವ ಒಲೆಯ ಮುಂದಿನಿಂದ ಏಳದೆಯೇ ಕೇಳಿದಳು.

"ಯಾರಂದ್ರು?"

"ಬಾಗಲಕೋಟಿ ಪ್ರಿನ್ಸಿಪಾಲ್ರು."

"ಬಾಯಿಬಿಟ್ಟು ಅಂದ್ರೇನು?"

"ಬಾಯಾಗಿನ ಹಲ್ಲಿನ ಪುಡಿ ಉಗುಳಿ ಅಂದ್ರು" ಎಂದ ಅಪ್ಪ.

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾತು ಕೊಟ್ಟವಳು, ನಡೆಸಿಕೊಟ್ಟಳು. ನಾನು ಪಾಸಾದೆ, ಇಂಗ್ಲಿಷಿನಲ್ಲಿ ಹೊಸ್ತಿಲು ಎಡವಿ ಒಳಗೆ ಬಿದ್ದ ಹಾಗೆ. ಕಮತಗಿಯಿಂದ ದಿನವೂ ಬಸ್ಸಿಗೆ ಬಂದು ಓದಿದೆ. ಆಮೇಲೆ ಅಪ್ಪನ ಗಂಟನ್ನು ನಾನು ಹೊತ್ತೆ, ಅದನ್ನು ಅಂಗಡಿ ಮಾಡಿದೆ, ಹಳೆಯ ಊರಿಗೆ ಹಿನ್ನೀರು ಬಂದಾಗ ಅಂಗಡಿಯನ್ನು ನವನಗರಕ್ಕೆ ಎತ್ತಿ ತಂದೆ. ಅತ್ತೆಗೆ ಆ ಕೆಂಪು ಖಣ ಮುಂದಿನ ವಾರವೇ ತಲುಪಿತು. ಸೋದರಮಾವ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನೆ. ಈಗಲೂ ಹಬ್ಬಕ್ಕೆ ನನ್ನ ಅಂಗಡಿಗೇ ಬಂದು, ಹೆಂಡತಿಗಿಂತ ಹೆಚ್ಚು ಚೌಕಾಸಿ ಮಾಡುತ್ತಾನೆ.

ಅಪ್ಪ ಹೋಗಿ ಬಹಳ ವರ್ಷವಾಯಿತು. ಅವನು ಗಂಟು ಬಿಚ್ಚದೆ ಕೂತದ್ದು ಹರಕೆಯೋ, ವ್ಯಾಪಾರದ ಪಟ್ಟೋ ಎಂದು ಒಮ್ಮೆ ಕೇಳಿದ್ದೆ. "ನಿನಗೇನು ಅನಸ್ತೈತಿ?" ಎಂದಿದ್ದ. ನಾನು ವ್ಯಾಪಾರದವಳು, ಪಟ್ಟು ಎಂದೇ ತೀರ್ಮಾನಿಸಿದೆ. ಹೊಸದಾಗಿ ಅಂಗಡಿ ಹಾಕುವವರಿಗೆಲ್ಲ ಈ ಕಥೆ ಹೇಳಿ, "ನೋಡ್ರಿ, ಗಿರಾಕಿಗೆ ಆಸೆ ಹುಟ್ಟಿದಾಗ ಮಾಲು ಮುಚ್ಚಿಡಬೇಕು, ನಮ್ಮಪ್ಪ ಹಂಗ ಮಾಡಿದ" ಎಂದು ಇಷ್ಟು ವರ್ಷ ಪಾಠ ಮಾಡಿಕೊಂಡು ಬಂದಿದ್ದೇನೆ.

ಇವತ್ತು ಮುಂಜಾನೆ ರುಮಾಲಿನ ಆ ಮನುಷ್ಯ ಖಣ ಕೇಳಿದಾಗ ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು.

"ಮೊದಲ ಕಾಲೇಜಿಗೆ ಹೋಗಿ ಬರ್ರಿ. ಈಕೀದು ಬೋಣಿ ಆಗ್ಲಿ. ನಿಮ್ಮ ಖಣ ಎಲ್ಲಿಗೂ ಹೋಗೂದಿಲ್ಲ."

ಅವನು ತಬ್ಬಿಬ್ಬಾಗಿ ಮಗಳನ್ನು ಕರೆದುಕೊಂಡು ಹೋದ. ಆಮೇಲೆ ಒಬ್ಬಾಕೆ ಬಂದಳು, ಮದುವೆಯ ಬಟ್ಟೆಗೆ ಇಬ್ಬರು ಬಂದರು. ಕೂಡಿಸಿ ನೀರು ಕೊಟ್ಟೆ, ಮಾತಾಡಿಸಿದೆ, ಸೀರೆ ಇಳಿಸಲಿಲ್ಲ. ನನ್ನ ಜೊತೆ ಬಹಳ ವರ್ಷದಿಂದ ಕೆಲಸ ಮಾಡುವ ಶಾಂತವ್ವ ಮೊದಲು ಕಣ್ಣಿನಲ್ಲಿ ಕೇಳಿದಳು, ಆಮೇಲೆ ಬಾಯಿಂದಲೇ ಕೇಳಿದಳು. "ಅಕ್ಕಾರ, ಆರಾಮಿಲ್ಲೇನ್ರಿ? ಗಿರಾಕಿ ಎದ್ದು ಹೊಂಟಾರ."

"ಹೋಗ್ಲಿ ಬಿಡು."

ಎದ್ದು ಹೋಗುವ ಗಿರಾಕಿಯ ಬೆನ್ನು ನೋಡುತ್ತ ಕೂಡುವುದು ಎಷ್ಟು ಕಷ್ಟ ಎಂದು ವ್ಯಾಪಾರ ಮಾಡದವರಿಗೆ ತಿಳಿಯದು. ಕೈ ಗಂಟಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಹಾಗೆ ಕೂತಿರುವಾಗ ಅತ್ತೆಯ ಸಣ್ಣಗಾದ ಮುಖ ನೆನಪಾಯಿತು. ಅಪ್ಪನದು ಪಟ್ಟಾಗಿದ್ದರೆ ಅದನ್ನು ಅತ್ತೆಯ ಮೇಲೆ ಯಾಕೆ ಹಾಕಿದ? ಅವಳ ಕೈಯಲ್ಲಿ ಯಾವ ಕಾಲೇಜಿತ್ತು? ಮಂಗನ ಹತ್ತಿರ ಯಾವ ಸೀಟಿತ್ತು? ಇಷ್ಟು ವರ್ಷ ಎಲ್ಲರಿಗೂ ಪಾಠ ಹೇಳಿದವಳಿಗೆ ಇದೊಂದು ಹೊಳೆದಿರಲಿಲ್ಲ. ನನ್ನ ಬೋಣಿ ಆಗುವ ತನಕ ತನ್ನದು ಬೇಡ ಎಂದು ಅವನು ಸುಮ್ಮನೆ ಹೊತ್ತಿದ್ದ. ಬಾಗಲಕೋಟೆಯಲ್ಲಿ ಅದು ಉಪಯೋಗಕ್ಕೆ ಬಂತು, ಅಷ್ಟೇ.

ಮಧ್ಯಾಹ್ನ ಬಿಸಿಲು ಮೆಟ್ಟಿಲು ಇಳಿಯುವ ಹೊತ್ತಿಗೆ ಅವರು ಬಂದರು. ಹುಡುಗಿ ಮುಂದೆ, ಅಪ್ಪ ಹಿಂದೆ. ಏನಾಯಿತೆಂದು ನಾನು ಕೇಳಬೇಕಾಗಿರಲಿಲ್ಲ. ಗಂಟು ಬಿಚ್ಚಿದೆ. ಹುಡುಗಿ ಬಗ್ಗಿ ಒಂದು ಕೆಂಪು ಖಣ ಎತ್ತಿ, ಮೊದಲು ಮೂಗಿಗೆ ಹಿಡಿದು, ಬೆಲೆ ಕೇಳಿದಳು. ಹೇಳಿದೆ.

ಅವಳು ಬಾಗಿಲಲ್ಲಿ ನಿಂತಿದ್ದ ಶಾಂತವ್ವನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಮುಂಜಾನಿಂದ ನೀವು ಯಾರಿಗೂ ಒಂದು ಚೂರೂ ಕೊಟ್ಟಿಲ್ಲಂತ. ಅಂದ್ರ ನಾವ ಬೋಣಿ ಅಲ್ರಿ? ಸರಿಯಾಗಿ ಹೇಳ್ರಿ ಮತ್ತ."

ಅವಳ ಅಪ್ಪ ನಾಚಿಕೊಂಡು ನೆಲ ನೋಡಿದ. ನಾನು ಅರ್ಧ ಬೆಲೆಗೆ ಒಪ್ಪಿಬಿಟ್ಟೆ. ಹುಡುಗಿಗೆ ಸಂಶಯ ಬಂತು. ಖಣವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದಳು.